ಪುಟ್ಟಿಗೆ, ಡಾಕರ್ ಹಾಕಿಕೊಳ್ಳುವ ಮುಂಚೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ಗೋಳು ಕೇಳಿದೆ. ಒಂದು ಪ್ರಾಜೆಕ್ಟಿಗೆ ಪಿಎಚ್‌ಪಿ (ವೆಬ್‌ಸೈಟ್ ಬರೆಯುವ ಭಾಷೆ) 7.4 ಬೇಕು, ಇನ್ನೊಂದಕ್ಕೆ 8.2. ಒಂದನ್ನು ಹಾಕಿದರೆ ಇನ್ನೊಂದು ಕೈಕೊಡುತ್ತದೆ. 7.4ಕ್ಕಂತೂ 2022ರ ನವೆಂಬರಿನಲ್ಲೇ ಸೆಕ್ಯೂರಿಟಿ ಪ್ಯಾಚ್ ನಿಂತುಹೋಗಿದೆ. ಅದನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಬೇಡ, ಕಂಟೇನರಿನೊಳಗೆ ಇಡು. ಕಂಟೇನರ್ ಅಂದರೆ ಒಂದು ಪ್ರೋಗ್ರಾಮಿಗೆ ಬೇಕಾದ್ದೆಲ್ಲ ಸೇರಿಸಿ ಉಳಿದದ್ದರಿಂದ ಬೇರೆಯಾಗಿಡುವ ಡಬ್ಬಿ. ಇಂಥ ಡಬ್ಬಿಗಳನ್ನು ನಡೆಸುವ ಡಾಕರ್ ಬಂದಿದ್ದು 2013ರಲ್ಲಿ. ನಾನು ಮುಟ್ಟಿದ್ದು ಎಷ್ಟೋ ವರ್ಷ ಬಿಟ್ಟು, ಸುಮ್ನೆ ಹೆದರಿಕೊಂಡು.

ನಿನ್ನದು 8 ಜಿಬಿ ರ‍್ಯಾಮಿನ ವಿಂಡೋಸ್ ಅಲ್ವಾ? ಮೊದಲು ಡಬ್ಲ್ಯೂಎಸ್‌ಎಲ್ 2 (ವಿಂಡೋಸಿನೊಳಗೆ ಲಿನಕ್ಸ್ ನಡೆಸುವ ಸೌಲಭ್ಯ), ಅದರಲ್ಲಿ ಉಬುಂಟು ಎಂಬ ಲಿನಕ್ಸ್, ಆಮೇಲೆ ಡಾಕರ್ ಡೆಸ್ಕ್‌ಟಾಪ್. ಕೋಡನ್ನು ಸಿ ಡ್ರೈವಿನಲ್ಲಿ ಇಡಬೇಡ, ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಇಡು. ಇಲ್ಲದಿದ್ದರೆ ಒಂದೊಂದು ಫೈಲೂ ವಿಂಡೋಸಿನಿಂದ ಲಿನಕ್ಸಿಗೆ ದಾಟಿ ಬರಬೇಕು. ಪುಟ ತೆರೆಯುವಷ್ಟರಲ್ಲಿ ಕಾಫಿ ಆರಿರುತ್ತದೆ. ಹಾಗೇ ಬಿಟ್ಟರೆ ಡಬ್ಲ್ಯೂಎಸ್‌ಎಲ್ ಅರ್ಧ ರ‍್ಯಾಮ್ ನುಂಗಬಹುದು. ಅದರ ಕಾನ್ಫಿಗ್ ಫೈಲಿನಲ್ಲಿ 3 ಜಿಬಿ ಎಂದು ಕಟ್ಟಿಹಾಕು. ಕಂಟೇನರ್ ಎಬ್ಬಿಸಲು ಬೇಕಾದ ಅಚ್ಚುಗಳಾದ ಇಮೇಜುಗಳು ನೂರಾರು ಎಂಬಿ ಇರುತ್ತವೆ, ಮೊಬೈಲ್ ಡೇಟಾದಲ್ಲಿ ಇಳಿಸಬೇಡ.

ಎಲ್ಲರೂ ಎಡವುವುದು ಲೋಕಲ್‌ಹೋಸ್ಟಿನಲ್ಲಿ, ಅಂದರೆ ‘ಇದೇ ಯಂತ್ರ’ ಎನ್ನುವ ವಿಳಾಸದಲ್ಲಿ. ನಾನು ಒಂದಿಡೀ ಸಂಜೆ ಪಾಸ್‌ವರ್ಡ್ ತಪ್ಪೇನೋ ಅಂತ ಬದಲಾಯಿಸುತ್ತಾ ಕೂತಿದ್ದೆ! ಪಿಎಚ್‌ಪಿ ಕಂಟೇನರಿಗೆ ಲೋಕಲ್‌ಹೋಸ್ಟ್ ಅಂದರೆ ಅದು ತನ್ನ ಮನೆಯೊಳಗೇ ಡೇಟಾಬೇಸ್ ಹುಡುಕುತ್ತದೆ. ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಇರುವುದು ಪಕ್ಕದ ಮನೆಯಲ್ಲಿ, ಅಂದರೆ ಬೇರೆ ಕಂಟೇನರಿನಲ್ಲಿ. ಹೆಸರು ಹಿಡಿದೇ ಕರೆಯಬೇಕು. ಕಂಪೋಸ್ ಫೈಲಿನಲ್ಲಿ (ಯಾವ ಯಾವ ಕಂಟೇನರ್ ಬೇಕೆಂದು ಬರೆದಿಡುವ ಪಟ್ಟಿ) ಆ ಸರ್ವಿಸಿಗೆ ‘ಡಿಬಿ’ ಎಂದು ಹೆಸರಿಟ್ಟಿದ್ದರೆ ಹೋಸ್ಟ್ ಜಾಗದಲ್ಲೂ ಡಿಬಿ ಅಂತಲೇ ಬರೆ. ಪೋರ್ಟ್ (ಒಳಬರುವ ಬಾಗಿಲಿನ ನಂಬರ್) 3306. ಹೊರಗಿನಿಂದ ನೋಡಲು 3307 ಕೊಟ್ಟಿದ್ದರೂ ಒಳಗೊಳಗೆ ಮಾತಾಡಲು 3306ನೇ.

ವೆಬ್ ಸರ್ವರಿಗೆ 8080:80 ಅಂತ ಬರೆಯುತ್ತೀಯಲ್ಲ, ಎಡಗಡೆಯದು ನಿನ್ನ ಲ್ಯಾಪ್‌ಟಾಪಿನ ಪೋರ್ಟ್, ಬಲಗಡೆಯದು ಕಂಟೇನರಿನದು. ಅದಕ್ಕೂ ಮೊದಲು 127.0.0.1 ಸೇರಿಸು, 127.0.0.1:8080:80 ಅಂತ. ಆಗ ನಿನ್ನ ಲ್ಯಾಪ್‌ಟಾಪಿನಿಂದ ಮಾತ್ರ ತೆರೆಯುತ್ತದೆ. ಪಿಜಿಯ ವೈಫೈನಲ್ಲಿ ಇರುವವರೆಲ್ಲ ನಿನ್ನ ಅರ್ಧಂಬರ್ಧ ಸೈಟ್ ಇಣುಕಿ ನೋಡುವುದು ಬೇಡ.

ಇನ್ನು ಹೊಟ್ಟೆ ಉರಿಯುವ ಕಥೆ. ಕಂಟೇನರನ್ನು ಯಾವಾಗ ಬೇಕಾದರೂ ಬಿಸಾಕಿ ಮತ್ತೆ ಎಬ್ಬಿಸಬಹುದು, ಅದಿರುವುದೇ ಅದಕ್ಕೆ. ಡೇಟಾ ಹಾಗಲ್ಲ. ಮೈಎಸ್‌ಕ್ಯೂಎಲ್ ಡೇಟಾಗೆ ಹೆಸರಿಟ್ಟ ಒಂದು ವಾಲ್ಯೂಮ್ (ಕಂಟೇನರಿನ ಹೊರಗಿರುವ ಉಗ್ರಾಣ) ಕೊಡು. ‘ಡಾಕರ್ ಕಂಪೋಸ್ ಡೌನ್’ ಹೊಡೆದರೆ ಕಂಟೇನರ್ ಹೋಗುತ್ತದೆ, ವಾಲ್ಯೂಮ್ ಉಳಿಯುತ್ತದೆ. ಕೊನೆಗೆ ‘ಮೈನಸ್ ವಿ’ ಸೇರಿಸಿದರೆ ವಾಲ್ಯೂಮೂ ಹೋಯಿತು. ಒಂದು ಶುಕ್ರವಾರ ಸಂಜೆ ನಾನು ಎಲ್ಲೋ ಓದಿದ್ದನ್ನು ಹಾಗೇ ಹೊಡೆದೆ. ಮೂರು ವಾರ ಕೂತು ತುಂಬಿಸಿದ್ದ ಅಂಗಡಿ ಸಾಮಾನಿನ ಪಟ್ಟಿ! ಅಳಿಸಲಾ ಅಂತ ಒಂದು ಮಾತೂ ಕೇಳಲಿಲ್ಲ. ‘ರಿಮೂವ್ಡ್’ ಅಂತ ಒಂದು ಸಾಲು ಬಂತು, ಅಷ್ಟೇ. ನಿಮ್ಮ ಚಿಕ್ಕಪ್ಪ ಊಟಕ್ಕೆ ಕರೆದರೂ ಏಳಲಿಲ್ಲ ನಾನು. ಆವತ್ತಿನಿಂದ ಎದ್ದು ಹೋಗುವ ಮುಂಚೆ ಡೇಟಾಬೇಸಿನ ಒಂದು ಡಂಪ್ (ಪೂರ್ತಿ ನಕಲು) ತೆಗೆದಿಡುತ್ತೇನೆ.

ಇಮೇಜ್ ಹೆಸರಿನ ಕೊನೆಗೆ ‘ಲೇಟೆಸ್ಟ್’ ಅಂತ ಬಿಡಬೇಡ, ವರ್ಷನ್ ನಂಬರ್ ಹಾಕು.

ದಸರಾ ರಜೆಗೆ ಬರುವಾಗ ಲ್ಯಾಪ್‌ಟಾಪ್ ತಗೊಂಡು ಬಾ. ನಿನ್ನ ಕಂಪೋಸ್ ಫೈಲ್ ಇಬ್ಬರೂ ಕೂತು ನೋಡೋಣ. ಚಾರ್ಜರ್ ಈ ಸಲವೂ ಮರೀಬೇಡ.

ಇಂತಿ ನಿನ್ನ
ಚಿಕ್ಕಮ್ಮ