ಅಜ್ಜನಿಗೆ ಚಳಿ ಗೊತ್ತಾಗಲ್ಲ, ಮನೆಯವರೇ ನೋಡಬೇಕು

ಸಂಪಾದಕರಿಗೆ ನಮಸ್ಕಾರ.

ಬೀದರ್, ಕಲಬುರಗಿ, ನಮ್ಮ ವಿಜಯಪುರದ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದು ಹೊಸದೇನಲ್ಲ. ಶೀತಗಾಳಿ ಎಚ್ಚರಿಕೆ ಬರುತ್ತದೆ, ಅದರ ಕೊನೆಗೆ 'ವೃದ್ಧರು ಬೆಚ್ಚಗಿರಬೇಕು' ಅಂತ ಒಂದು ಸಾಲು. ಈ ಸಾಲನ್ನು ದಯವಿಟ್ಟು ಮಗ, ಸೊಸೆ, ಮೊಮ್ಮಕ್ಕಳಿಗೆ ಹೇಳಿ.

ಯಾಕೆಂದರೆ ವಯಸ್ಸಾದ ಮೇಲೆ ಚಳಿ ಸರಿಯಾಗಿ ಗೊತ್ತೇ ಆಗಲ್ಲ. ನಡುಕವೂ ಕಡಿಮೆ. "ನನಗ್ಯಾಕಪ್ಪಾ ಸ್ವೆಟರು" ಅಂತ ಬರೀ ಧೋತರ ಉಟ್ಟು ಕಟ್ಟೆ ಮೇಲೆ ಕೂತ ಅಜ್ಜನ ಮೈ ಒಮ್ಮೆ ಮುಟ್ಟಿ ನೋಡಿ. ಕೈಕಾಲು ತಣ್ಣಗಿರುವುದು ಸಹಜ, ಆದರೆ ಹೊಟ್ಟೆಯೂ ತಣ್ಣಗಿದ್ದು, ಮಾತು ತೊದಲುತ್ತಾ ಮಂಪರಿನಲ್ಲಿದ್ದರೆ 'ವಯಸ್ಸಾಯ್ತು, ನಿದ್ದೆ ಜಾಸ್ತಿ' ಅಂತ ಬಿಡಬೇಡಿ, ಕೌದಿ ಹೊದಿಸಿ ತಕ್ಷಣ 108ಕ್ಕೆ ಫೋನ್ ಮಾಡಿ. ದೇಹದ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ (95 ಫ್ಯಾರನ್‌ಹೀಟ್) ಕೆಳಗಿಳಿದರೆ ಜೀವಕ್ಕೇ ಅಪಾಯ. ಹಳೆಯ ಪಾದರಸದ ಥರ್ಮಾಮೀಟರ್ ಅದಕ್ಕಿಂತ ಕೆಳಗೆ ತೋರಿಸುವುದೂ ಇಲ್ಲ. ಇನ್ನು ಚಳಿಗೆ ಅಂತ ಅಜ್ಜನಿಗೆ ಒಂದು ಪೆಗ್ ಕೊಡುವ ಮನೆಗಳಿವೆ! ಮದ್ಯ ಕುಡಿದರೆ ಬೆಚ್ಚಗಾದಂತೆ ಅನಿಸುತ್ತದೆ ಅಷ್ಟೇ, ಒಳಗಿನ ಶಾಖ ಚರ್ಮದ ಮೂಲಕ ಇನ್ನೂ ಬೇಗ ಹೊರಗೆ ಹೋಗುತ್ತದೆ.

ನನಗೆ ಚಳಿಗಿಂತ ಜಾಸ್ತಿ ಹೆದರಿಕೆ ಇರುವುದು ಶೆಗಡಿಯದ್ದು. ಅಜ್ಜಿಗೆ ಚಳಿ ಅಂತ ಪ್ರೀತಿಯಿಂದಲೇ ಕೆಂಡ ತುಂಬಿ ಕೋಣೆಯಲ್ಲಿಟ್ಟು, ಗಾಳಿ ಬರದಂತೆ ಬಾಗಿಲು ಕಿಟಕಿ ಹಾಕಿ, ಸಂದಿಗೆ ಬಟ್ಟೆಯನ್ನೂ ತುರುಕಿ ಮಲಗಿಸುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಗೆ ಕಾಣದಿದ್ದರೂ ಅದು ಬರುತ್ತಲೇ ಇರುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಎಚ್ಚರ ತಪ್ಪುತ್ತದೆ, ಮಲಗಿದವರಿಗಂತೂ ಏಳುವ ಅವಕಾಶವೇ ಸಿಗಲ್ಲ. ಕಿಟಕಿ ಇಲ್ಲದ ಬಚ್ಚಲಲ್ಲಿ ಹಾಕಿದ ಗ್ಯಾಸ್ ಗೀಸರ್ ಕಥೆಯೂ ಇದೇ. ಕೆಂಡ ಕಾಯಿಸಲೇಬೇಕಿದ್ದರೆ ಅಂಗಳದಲ್ಲಿ ಕಾಯಿಸಿ, ಮಲಗುವ ಕೋಣೆಗೆ ತರಬೇಡಿ. ಹಾಸಿಗೆಗೆ ಇನ್ನೊಂದು ಕೌದಿ, ಕಿವಿ ಮುಚ್ಚುವ ಟೋಪಿ, ಕಾಲಿಗೆ ಸಾಕ್ಸ್ ಸಾಕು. ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ಬಿಸಿನೀರಿನ ಚೀಲ ಇಡುವಾಗಲೂ ಹುಷಾರು, ಪಾದದ ಸ್ಪರ್ಶ ಹೋಗಿದ್ದರೆ ಸುಟ್ಟರೂ ತಿಳಿಯಲ್ಲ.

ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತದೆ, ಹಾಗಾಗಿ ಮಾತ್ರೆ ತಪ್ಪಿಸಬಾರದು. ನೆಗಡಿ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ಗುಳಿಗೆ ತಂದು ಕೊಡುವುದೂ ಬೇಡ, ಮೂಗು ಕಟ್ಟಿದ್ದು ಬಿಡಿಸುವ ಕೆಲವು ಔಷಧಿಗಳು ಬಿಪಿ ಏರಿಸುತ್ತವೆ. ನಸುಕಿನ ವಾಕಿಂಗ್ ಬಿಸಿಲು ಬಂದ ಮೇಲೆ ಇಟ್ಟುಕೊಂಡರೆ ಏನೂ ನಷ್ಟವಿಲ್ಲ. ರಾತ್ರಿ ಕತ್ತಲಲ್ಲಿ ಅಂಗಳದ ಬಚ್ಚಲಿಗೆ ಹೋಗಬೇಕಲ್ಲ ಅಂತ ಎಷ್ಟೋ ಹಿರಿಯರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ದಾರಿಗೊಂದು ದೀಪ ಹಾಕಿಸಿ, ಹಗಲಲ್ಲಿ ಬಿಸಿನೀರು, ಸಾರು ಕೊಡುತ್ತಿರಿ. ಮಗುವಿನ ಲಸಿಕೆಯ ತಾರೀಖು ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಅಜ್ಜನಿಗೂ ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆ ಇದೆ ಅನ್ನುವುದು ಗೊತ್ತಿಲ್ಲ. ವೈದ್ಯರನ್ನು ಕೇಳಿ ನೋಡಿ.

ಆದರೆ ಎಲ್ಲವನ್ನೂ ಮನೆಯವರ ತಲೆಗೇ ಕಟ್ಟುವುದೂ ಸರಿಯಲ್ಲ. ಒಂಟಿಯಾಗಿರುವವರು ಏನು ಮಾಡಬೇಕು? ಮಗ ಪುಣೆಯಲ್ಲೋ ಬೆಂಗಳೂರಲ್ಲೋ ದುಡಿಯುತ್ತಿರುತ್ತಾನೆ. ನಮ್ಮ ಭಾಗದ ಒಂದು ರೇಷನ್ ಅಂಗಡಿ ಮುಂದೆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅಜ್ಜಿಯರು ಸೆರಗು ಹೊದ್ದು ಸಾಲಲ್ಲಿ ಕೂತಿರುತ್ತಾರೆ. ಚಳಿಗೆ ಒಣಗಿ ಒಡೆದ ಬೆರಳನ್ನು ಹೆಬ್ಬೆಟ್ಟಿನ ಮಷಿನ್ ಹಿಡಿಯಲ್ಲ, 'ನಾಳೆ ಬಾ ಅಮ್ಮಾ' ಅಂತ ಕಳಿಸುತ್ತಾರೆ, ಮರುದಿನ ಮತ್ತೆ ಅದೇ ನಸುಕು, ಅದೇ ಸಾಲು. ಇದು ಯಾವ ನ್ಯಾಯ? ಈ ಎರಡು ತಿಂಗಳಾದರೂ 65 ದಾಟಿದವರಿಗೆ 11 ಗಂಟೆಯ ಮೇಲೆ ಬೇರೆ ಸಾಲು ಮಾಡಲಿ, ಬೆರಳು ಹಿಡಿಯದಿದ್ದರೆ ಅವತ್ತೇ ಬೇರೆ ದಾರಿಯಲ್ಲಿ ರೇಷನ್ ಕೊಟ್ಟು ಕಳಿಸಲಿ. ಒಂಟಿ ಹಿರಿಯರ ಮನೆಗಳು ಯಾವುವು ಅಂತ ಊರಿನ ಆಶಾ ಕಾರ್ಯಕರ್ತೆಯರಿಗೆ ಚೆನ್ನಾಗಿ ಗೊತ್ತು. ಅವರಿಗೆ ಈ ಕೆಲಸಕ್ಕೆ ಬೇರೆ ಹಣ ಕೊಟ್ಟು, ಶೀತಗಾಳಿ ಎಚ್ಚರಿಕೆ ಇರುವ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ ಬಾಗಿಲು ಬಡಿದು ನೋಡಿ ಬರುವ ವ್ಯವಸ್ಥೆಯನ್ನು ಜಿಲ್ಲಾಡಳಿತ ಮಾಡಬೇಕು.

– ಒಬ್ಬ ಓದುಗ, ವಿಜಯಪುರ