ಪೋಸ್ಟ್‌ಡಾಕ್ ಅರ್ಜಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಪುಣೆ, ಮುಂಬೈಗಳಲ್ಲಿ ಪಿಎಚ್‌ಡಿ ಮುಗಿಸುತ್ತಿರುವ ಅಥವಾ ಪ್ರಬಂಧ ಸಲ್ಲಿಸಿ ಮೌಖಿಕ ಪರೀಕ್ಷೆಗೆ ಕಾಯುತ್ತಿರುವ ನಮ್ಮ ಸದಸ್ಯರಿಗಾಗಿ ಬರುವ ಭಾನುವಾರ ಬೆಳಿಗ್ಗೆ 11 ಗಂಟೆಗೆ ಗೂಗಲ್ ಮೀಟ್‌ನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಅರ್ಜಿಗಳ ಬಗ್ಗೆ ಮಾತುಕತೆ ಇಟ್ಟುಕೊಂಡಿದ್ದೇವೆ.

ಐಸರ್ ಪುಣೆ, ಎನ್‌ಸಿಎಲ್, ಟಿಐಎಫ್‌ಆರ್, ಐಐಟಿ ಬಾಂಬೆ ಎಂಬ ಸಂಶೋಧನಾ ಸಂಸ್ಥೆಗಳ ಪೋಸ್ಟ್‌ಡಾಕ್ ಪ್ರಕಟಣೆಗಳು ಆಯಾ ಸಂಸ್ಥೆಯ ಜಾಲತಾಣದಲ್ಲೇ ಬರುವುದರಿಂದ ವಾರಕ್ಕೊಮ್ಮೆಯಾದರೂ ನೋಡುತ್ತಿರಿ. ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಎಎನ್‌ಆರ್‌ಎಫ್‌ನ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ವಯೋಮಿತಿ 35 ವರ್ಷ. ಮಹಿಳೆಯರಿಗೂ ಮೀಸಲು ವರ್ಗದವರಿಗೂ 5 ವರ್ಷಗಳ ಸಡಿಲಿಕೆಯಿದೆ. ಅದಕ್ಕೆ ಪೋಸ್ಟ್‌ಡಾಕ್‌ನಲ್ಲಿ ಮಾರ್ಗದರ್ಶಕರಾಗಲಿರುವವರ ಒಪ್ಪಿಗೆ ಮೊದಲೇ ಬೇಕಾಗುವುದರಿಂದ ಪ್ರಕಟಣೆ ಬರುವವರೆಗೆ ಕಾಯಬೇಡಿ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ ಬಯಸುವವರು, ಹೋಗಲಿರುವ ದೇಶದಲ್ಲಿ ಹಿಂದಿನ 36 ತಿಂಗಳುಗಳ ಪೈಕಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದೆಂಬ ನಿಯಮವನ್ನು ಗಮನಿಸಿ.

ಹೀಗೆ ಮಾರ್ಗದರ್ಶಕರಾಗಬಲ್ಲ ಪ್ರಾಧ್ಯಾಪಕರಿಗೆ ಬರೆಯುವ ಮೊದಲ ಇಮೇಲ್ ಬಗ್ಗೆ ವಿಶೇಷವಾಗಿ ಹೇಳಬೇಕಿದೆ. ಕಳೆದ ವಾರ ನಾನು ಓದಿದ ಕರಡೊಂದರಲ್ಲಿ ಮೂರು ಪ್ಯಾರಾಗಳೂ ಬರೆದವರ ಪ್ರಬಂಧದ ಬಗ್ಗೆಯೇ ಇದ್ದವು. ಪ್ರಾಧ್ಯಾಪಕರ ಕೆಲಸದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದೇ ಪತ್ರವನ್ನು ಯಾರಿಗೆ ಬೇಕಾದರೂ ಕಳಿಸಬಹುದಿತ್ತು. ಪ್ರಾಧ್ಯಾಪಕರ ಇತ್ತೀಚಿನ ಒಂದು ಲೇಖನವನ್ನು ನಿಜವಾಗಿ ಓದಿ, ಅದರ ಯಾವ ಪ್ರಶ್ನೆಯನ್ನು ನೀವು ಯಾವ ವಿಧಾನದಿಂದ ಮುಂದುವರಿಸಬಲ್ಲಿರಿ ಎಂಬುದನ್ನು ನಾಲ್ಕೇ ಸಾಲುಗಳಲ್ಲಿ ಬರೆಯಿರಿ. ಶಿಫಾರಸು ಪತ್ರ ಕೊಡುವವರಿಗೆ ಕನಿಷ್ಠ ಮೂರು ವಾರ ಮೊದಲೇ ತಿಳಿಸಿ, ಪಾಪ, ಅವರಿಗೂ ಹತ್ತಾರು ಕೆಲಸಗಳಿರುತ್ತವೆ.

ಭಾಗವಹಿಸುವವರು ತಮ್ಮ ವಿಷಯ ಮತ್ತು ಪ್ರಬಂಧ ಸಲ್ಲಿಸುವ ತಿಂಗಳನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಬರೆಯಿರಿ. ಸಿವಿ ಮತ್ತು ಪತ್ರದ ಕರಡನ್ನು ದಯವಿಟ್ಟು ನನಗೆ ಪ್ರತ್ಯೇಕವಾಗಿ ಕಳಿಸಿ. ಈಗಾಗಲೇ ಪೋಸ್ಟ್‌ಡಾಕ್ ಮಾಡುತ್ತಿರುವ ಹಿರಿಯರು ಒಂದು ಗಂಟೆ ಬಿಡುವು ಮಾಡಿಕೊಂಡು ಬರಬೇಕೆಂದು ಕೋರುತ್ತೇನೆ.