ಬೆತ್ತದ ವಚನವೊಂದೇ ಸಾಲದು

ಮಾನ್ಯ ಸಂಪಾದಕರೇ,

ಎರಡರಿಂದ ನಾಲ್ಕು ವರ್ಷದ ಮಕ್ಕಳ ಸಿಟ್ಟಿಗೆ ಏನು ಮಾಡಬೇಕೆಂದು ಪಾಲಕರು ಕೇಳಿದರೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: ಜ್ಞಾನೋಕ್ತಿ 13:24, ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಎಂಬ ಬೈಬಲ್ ವಚನ. ಗುಂಡಿ ಹಾಕಲು ಬಾರದೆ ಅಂಗಿ ಎಸೆಯುವ ಮಗುವಿಗೂ ಅದೇ ಮದ್ದು, ಜೋಡಿಸಿದ ಬ್ಲಾಕು ಬಿತ್ತೆಂದು ನೆಲದ ಮೇಲೆ ಹೊರಳಾಡುವ ಮಗುವಿಗೂ ಅದೇ. ಈ ಮಕ್ಕಳು ಎದುರು ನಿಂತು ಅವಿಧೇಯರಾದವರೇನಲ್ಲ. ಮಾಡಬೇಕೆಂಬ ಆಸೆ ದೊಡ್ಡದು, ಬೆರಳು ಸಣ್ಣವು, ಹೇಳಿಕೊಳ್ಳಲು ಮಾತು ಸಾಲದು. ಸಿಟ್ಟಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ 20 ದಾಟಿದ ಮೇಲೆ.

ಹೊಡೆದರೆ ಅಳು ನಿಲ್ಲುತ್ತದಲ್ಲ ಎಂದು ಕೇಳುವವರು ಬೈಬಲಿನ ಅರಣ್ಯಕಾಂಡ 20ನೇ ಅಧ್ಯಾಯ ಓದಬೇಕು. ನೀರಿಗಾಗಿ ಬಂಡೆಗೆ ಮಾತಾಡು ಎಂದು ಇಸ್ರಾಯೇಲ್ಯರ ನಾಯಕ ಮೋಶೆಗೆ ದೇವರು ಹೇಳಿದ್ದ. ಜನರ ಗೊಣಗಾಟಕ್ಕೆ ರೋಸಿಹೋದ ಮೋಶೆ ಅವರನ್ನು ಬೈದು ಬಂಡೆಗೆ ಎರಡು ಸಲ ಕೋಲಿನಿಂದ ಹೊಡೆದ. ನೀರೇನೋ ಧಾರಾಳವಾಗಿ ಬಂತು. ಆದರೂ ದೇವರು ಅದನ್ನು ಮೆಚ್ಚಲಿಲ್ಲ, ಆತ ಕೊಡುವೆನೆಂದು ಮಾತು ಕೊಟ್ಟಿದ್ದ ವಾಗ್ದತ್ತ ದೇಶಕ್ಕೆ ಮೋಶೆ ಕಾಲಿಡಲಿಲ್ಲ. ಫಲ ಸಿಕ್ಕಿತೆಂಬ ಕಾರಣಕ್ಕೆ ದಾರಿ ಸರಿಯಾಗಿತ್ತು ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಸೋತು ಕೈಚೆಲ್ಲಿದವರನ್ನು ದೇವರು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದು 1 ಅರಸುಗಳು 19ರಲ್ಲಿದೆ. ಸಾಕಪ್ಪಾ ಸಾಕು, ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ಮೊದಲು ಬಂದದ್ದು ನಿದ್ದೆ, ಆಮೇಲೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದು ಮತ್ತೆ ಮಲಗಿದ; ಮತ್ತೆ ಎಬ್ಬಿಸಿ ಉಣ್ಣಿಸಲಾಯಿತು. ಇಲ್ಲೇನು ಮಾಡುತ್ತಿದ್ದೀಯ ಎಂಬ ಪ್ರಶ್ನೆ ಬಂದದ್ದು ಅವನು ಹೋರೇಬ್ ಬೆಟ್ಟ ತಲುಪಿದ ಮೇಲೆ.

ಮನೆಯಲ್ಲೂ ಇದೇ ಕ್ರಮ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು-ನಾಲ್ಕರ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ್ದೂ ಸೇರಿ. ರಾತ್ರಿ ಹನ್ನೊಂದರವರೆಗೆ ಮದುವೆ ಮನೆಯಲ್ಲಿದ್ದ ಮಗು ಬೆಳಿಗ್ಗೆ ಆರಾಧನೆಯಲ್ಲಿ ರಚ್ಚೆ ಹಿಡಿದರೆ ಸೈತಾನನನ್ನು ದೂರಬೇಕಾಗಿಲ್ಲ. ಚರ್ಚಿಗೆ ಹೊರಡುವ ಮುಂಚೆ ಹೊಟ್ಟೆ ತುಂಬಿಸಿ, ಅಂಚಿನ ಬೆಂಚಿನಲ್ಲಿ ಕೂತು, ಚಡಪಡಿಕೆ ಶುರುವಾದ ಕೂಡಲೇ ಐದು ನಿಮಿಷ ವರಾಂಡಕ್ಕೆ ಕರೆದೊಯ್ದು ಮತ್ತೆ ಒಳಗೆ ಬನ್ನಿ. ಕೂಗಾಟ ಜೋರಾಗುವವರೆಗೆ ಕಾದು ಹೊರಗೆ ಹೋದರೆ, ಕೂಗಿದರೆ ಹೊರಗೆ ಹೋಗಬಹುದು ಎಂದು ಮಗು ಕಲಿಯುತ್ತದೆ. ಸಭಾಪಾಲಕರೂ ಪ್ರಸಂಗ ನಿಲ್ಲಿಸಿ ಆ ತಾಯಿಯತ್ತ ನೋಡದಿದ್ದರೆ ದೊಡ್ಡ ಉಪಕಾರ.

ಸಿಟ್ಟು ನೆತ್ತಿಗೇರಿದಾಗ ಬುದ್ಧಿಮಾತು ಕಿವಿಗೆ ಇಳಿಯದು. ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು, ತಲೆ ನೆಲಕ್ಕೆ ಬಡಿಯದಂತೆ ನೋಡಿಕೊಂಡು, ಮೆಲುದನಿಯಲ್ಲಿ ಒಂದೇ ಮಾತು: ‘ಬರವಲ್ದು ಅಂತ ಸಿಟ್ಟು ಬಂತೇನು?’ ಆಮೇಲೆ ಸುಮ್ಮನಿರಬೇಕು. ಕಷ್ಟದ ಭಾಗ ಇದೇ. ಉಸಿರು ಇಳಿದ ಮೇಲೆ ಕೆಲಸಕ್ಕೆ ಮರಳಿ, ಪೂರ್ತಿ ನೀವೇ ಮಾಡಿ ಮುಗಿಸಬೇಡಿ. ಕೊನೆಯ ಹಂತ ಮಗುವಿಗೆ ಬಿಡಿ. ಗುಂಡಿಯಾದರೆ ಹಿಂದಿನಿಂದ ಕಾಜಾದೊಳಗೆ ಅರ್ಧ ತೂರಿಸಿ ಕೊಡಿ, ಎಳೆಯುವುದಷ್ಟೇ ಅದರ ಪಾಲು. ಅದು ಸಲೀಸಾದ ಮೇಲೆ ತೂರಿಸುವುದನ್ನೂ ಬಿಟ್ಟುಕೊಡಿ. ಮೊದಲ ಅಭ್ಯಾಸ ದೊಡ್ಡ ಗುಂಡಿಯ ಅಂಗಿಯಲ್ಲಿ ನಡೆಯಲಿ, ಅದೂ ಮೈಮೇಲೆ ಹಾಕಿ ಅಲ್ಲ, ತೊಡೆಯ ಮೇಲೆ ಹರವಿ. ತನ್ನ ಗದ್ದದ ಕೆಳಗಿನ ಗುಂಡಿ ಯಾರಿಗೂ ಕಾಣುವುದಿಲ್ಲ! ಬಿಸಿ ಹಾಲು ಆರಿಸುವಂತೆ ನಿಧಾನವಾಗಿ ಉಸಿರು ಊದುವುದನ್ನು ಮಗು ಶಾಂತವಾಗಿದ್ದಾಗಲೇ ಆಟವಾಗಿ ಕಲಿಸಿರಬೇಕು. ರಂಪದ ನಡುವೆ ಹೊಸದು ಯಾವುದೂ ಕಲಿಯಲಾಗದು.

ಎಡವುವುದು ಹೆಚ್ಚಾಗಿ ಮೊಬೈಲಿನ ವಿಷಯದಲ್ಲಿ. ಬೇಡ ಎಂದು ಹೇಳಿ, ಹತ್ತು ನಿಮಿಷ ಅತ್ತ ಮೇಲೆ ಕೊಟ್ಟರೆ ಹತ್ತು ನಿಮಿಷ ಅಳುವುದನ್ನು ಕಲಿಸಿದಂತೆ. ಬಿಗಿ ಹಿಡಿದ ಮೊದಲ ಕೆಲವು ದಿನ ಅಳು ಇಳಿಯುವ ಬದಲು ಏರುತ್ತದೆ. ಆಗಲೇ ಅಜ್ಜ ಅಜ್ಜಿ ‘ಕೊಡ್ರಿ ಪಾಪ’ ಎನ್ನುತ್ತಾರೆ, ಮಾಡಿದ್ದೆಲ್ಲ ನೀರುಪಾಲು. ಅವರ ಜೊತೆ ಮುಂಚೆಯೇ ಮಾತಾಗಿರಬೇಕು.

ಪ್ರಾರ್ಥನೆಯನ್ನು ಶಿಕ್ಷೆ ಮಾಡಬೇಡಿ. ‘ಸಿಟ್ಟು ಮಾಡಿದರೆ ಯೇಸು ಸ್ವಾಮಿಗೆ ಸೇರುವುದಿಲ್ಲ, ಸಾರಿ ಕೇಳು’ ಎಂದು ಅಳುವ ಮಗುವಿನ ಕೈ ಜೋಡಿಸಿದರೆ, ನನ್ನ ಕೈಯಲ್ಲಿ ಆಗದಾಗ ಬೇಸರಪಟ್ಟುಕೊಳ್ಳುವವನು ದೇವರು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ನಾವು ಧೂಳು ಎಂಬುದನ್ನು ನೆನಪಿಟ್ಟುಕೊಂಡು ತಂದೆಯಂತೆ ಕನಿಕರಿಸುವ 103ನೇ ಕೀರ್ತನೆಯ ದೇವರು ಅದಕ್ಕೆ ಸಿಗುವುದೇ ಇಲ್ಲ. ಮಲಗುವಾಗ ಒಂದು ಸಾಲು ಸಾಕು: ‘ಯೇಸಪ್ಪಾ, ಇವತ್ತು ಗುಂಡಿ ಹಾಕೋದು ಕಷ್ಟ ಆಯ್ತು, ನಾಳೆ ಸಹಾಯ ಮಾಡು.’ ದೊಡ್ಡವರು ಕೂಗಾಡಿದ್ದರೆ ಕ್ಷಮೆ ಕೇಳುವುದೂ ಆಗಲೇ ಆಗಲಿ, ‘ನೀನು ಹಾಗೆ ಮಾಡಿದ್ದಕ್ಕೇ’ ಎಂಬ ಬಾಲ ಅಂಟಿಸದೆ. ಪಶ್ಚಾತ್ತಾಪ ಎಂದರೇನು ಎಂದು ಮಗು ಅಲ್ಲಿ ನೋಡುತ್ತದೆ. ಮಕ್ಕಳನ್ನು ಕೆಣಕಿ ಮನಗುಂದಿಸಬೇಡಿ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರ 3:21 ತಂದೆಗಳಿಗೆ ಹೇಳುತ್ತದೆ. ಬೆತ್ತದ ವಚನದಷ್ಟು ಸಲ ಇದು ಚರ್ಚಿನ ಪ್ರಸಂಗ ವೇದಿಕೆಯಿಂದ ಕೇಳಿಬರುವುದಿಲ್ಲ.

ಎಲ್ಲವೂ ವಯಸ್ಸಿನ ಸಿಟ್ಟೂ ಅಲ್ಲ. ಎರಡು ತುಂಬಿದರೂ ಎರಡು ಪದ ಕೂಡಿಸಿ ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ ಕಿವಿ ಪರೀಕ್ಷೆ ಮೊದಲು ಆಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಅಳುತ್ತಾ ಉಸಿರು ಕಟ್ಟಿ ನೀಲಿಗಟ್ಟುವ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ. ಕೆಲವರಲ್ಲಿ ಕಬ್ಬಿಣಾಂಶದ ಕೊರತೆ ಇರುತ್ತದೆ. ಐದು ದಾಟಿದರೂ ದಿನವೂ ರಂಪ, ತನಗೋ ಇತರರಿಗೋ ಗಾಯ ಎಂದಾದರೆ ನಿಮ್ಹಾನ್ಸ್‌ನಂಥ ಕಡೆ ಮಕ್ಕಳ ಮನೋವೈದ್ಯರಿದ್ದಾರೆ. ಪ್ರಾರ್ಥನೆಯ ಜೊತೆ ವೈದ್ಯರೂ ಇರಲಿ.

ಬೇಸಿಗೆಯ ರಜಾ ಬೈಬಲ್ ಶಾಲೆ ನಡೆಸುವವರಲ್ಲಿ ಒಂದು ವಿನಂತಿ. ಐದರೊಳಗಿನ ಮಕ್ಕಳಿಗೆ ಮ್ಯೂಸಿಕಲ್ ಚೇರ್ ಆಡಿಸಬೇಡಿ, ಬಾಯಿಪಾಠದ ವಚನಕ್ಕೆ ಒಂದನೇ ಎರಡನೇ ಬಹುಮಾನ ಇಡಬೇಡಿ. ಮೂರು-ನಾಲ್ಕು ಪದದ ವಚನ ಕೊಟ್ಟು ಎಲ್ಲರೂ ಒಟ್ಟಿಗೆ ಹೇಳಲಿ. ಬಿಸ್ಕತ್ತು, ನೀರು ಕೊಡುವುದನ್ನು ಕೊನೆಗೆ ತಳ್ಳದೆ ಕತೆಗೆ ಮುಂಚೆಯೇ ಮುಗಿಸಿ.

– ಸಂಡೇ ಸ್ಕೂಲ್ ಶಿಕ್ಷಕಿಯರು, ಧಾರವಾಡ